ಪೇಪರ್ ಓದಲಾಗದವರಿಗೆ ಲಿಫ್ಟಿನ ಸದ್ದು ಮಾತ್ರ ಹೇಗೆ ಕೇಳುತ್ತದೆ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ಲೋಕಲ್ ರೈಲಿನಿಂದ ಒಬ್ಬರು ಬಿದ್ದು ಸತ್ತದ್ದನ್ನು ನಮ್ಮ ಯಜಮಾನರು ಕಣ್ಣಾರೆ ಕಂಡರು. ಈಗ ಪೇಪರಿನ ನಾಲ್ಕು ಸಾಲು ಓದಲಾರರು, ಹೇಳಿದ ಸಾಮಾನು ಮರೆತು ಬರುತ್ತಾರೆ. ಆದರೆ ಲಿಫ್ಟಿನ ಬಾಗಿಲು ಸದ್ದಾದರೆ ಸಾಕು, ಬೆಚ್ಚುತ್ತಾರೆ. ಇವರಿಗೆ ಗಮನ ಕಡಿಮೆಯೋ, ಹೆಚ್ಚೋ?

ಉತ್ತರ: ಗಮನದ ದೊಡ್ಡ ಪಾಲು ಕಾವಲಿಗೆ ಹೋಗುತ್ತಿದೆ; ಪೇಪರಿಗೆ ಉಳಿಯುವುದು ಚಿಲ್ಲರೆ. ಪತ್ರ ನೋಡಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಎನ್ನಲಾಗದು. ಆದರೆ ಅದರ ಲಕ್ಷಣಗಳಲ್ಲಿ ಅತಿ ಎಚ್ಚರ, ಬೆಚ್ಚುವಿಕೆ, ಏಕಾಗ್ರತೆಯ ತೊಂದರೆ ಮೂರೂ ಒಂದೇ ಗುಂಪಿಗೆ ಸೇರಿವೆ. ಒಂದು ತಿಂಗಳು ಮೀರಿದರೆ ವೈದ್ಯರನ್ನು ಕಾಣಲೇಬೇಕು.

ಸದ್ದಿಗೆ ತಲೆ ಎತ್ತುವುದು ಎಲ್ಲರಿಗೂ ಉಂಟು. ನೀವು ‘ಓ, ಲಿಫ್ಟು’ ಅಂದುಕೊಂಡು ಬಿಟ್ಟ ಸಾಲಿಗೆ ಮರಳುತ್ತೀರಿ. ಅವರ ಕಿವಿ ಅಲ್ಲೇ ನಿಲ್ಲುತ್ತದೆ: ಯಾರ ಹೆಜ್ಜೆ, ಯಾವ ಮನೆಗೆ, ಯಾಕೆ ನಿಂತರು? ಕಷ್ಟವಿರುವುದು ಹೆಚ್ಚಾಗಿ ಈ ಮರಳುವಿಕೆಯಲ್ಲೇ. ಇದನ್ನು ಅಳೆಯುವ ಪರೀಕ್ಷೆಯೂ ಇದೆ. ಬಣ್ಣದ ಶಾಯಿಯ ಪದಗಳನ್ನು ತೋರಿಸಿ, ಅರ್ಥ ಬಿಟ್ಟು ಬಣ್ಣ ಮಾತ್ರ ಹೇಳಿಸುತ್ತಾರೆ. ‘ಮೇಜು’ ಬಂದಾಗ ಥಟ್ಟನೆ ‘ಕೆಂಪು’ ಎನ್ನುವವರು, ತಮ್ಮ ಆಘಾತಕ್ಕೆ ಸಂಬಂಧಿಸಿದ ಪದ ಬಂದಾಗ ತುಸು ತಡವರಿಸುತ್ತಾರೆ. ಮಿದುಳಿನ ಅಪಾಯದ ಗಂಟೆಯಾದ ಅಮಿಗ್ಡಲಾ ಬೇಗ ಬಾರಿಸುತ್ತದೆ, ಅದನ್ನು ಸುಮ್ಮನಾಗಿಸಬೇಕಾದ ಮುಂಭಾಗದ ಹಿಡಿತ ಸಡಿಲವಾಗಿರುತ್ತದೆ.

ಸಾಮಾನು ‘ಮರೆಯುವುದ’ಕ್ಕೂ ಬಹುಪಾಲು ಇದೇ ಕಾರಣ. ನೀವು ಹೇಳಿದ್ದು ತಲೆಗೆ ಹೋಗಿಯೇ ಇರಲಿಲ್ಲ. ಚೀಟಿ ಬರೆದುಕೊಡಿ, ಜಗಳ ತಪ್ಪುತ್ತದೆ.

‘ಮನಸ್ಸಿಟ್ಟು ಓದ್ರೀ’ ಎಂದು ಗದರಿಸಿದರೆ ಉಪಯೋಗವಿಲ್ಲ. ಕಾವಲಿಗೆ ಇನ್ನೊಂದು ಕೆಲಸ ಕೊಟ್ಟಂತೆ. ಹತ್ತೇ ನಿಮಿಷ, ಸಾಲಿನ ಮೇಲೆ ಬೆರಳಿಟ್ಟು ಓದಲಿ. ಸದ್ದಾದರೆ ಒಮ್ಮೆ ನೋಡಿ, ‘ಲಿಫ್ಟು’ ಎಂದು ಬಾಯಿಬಿಟ್ಟು ಹೇಳಿ, ಬೆರಳಿರುವಲ್ಲಿಗೆ ಮರಳಲಿ. ಎರಡನೇ ಸಲ ಎದ್ದು ಹೋಗಿ ಚಿಲಕ ನೋಡುವುದು ಬೇಡ, ಪ್ರತಿ ತಪಾಸಣೆಯೂ ‘ನೋಡಿದ್ದಕ್ಕೇ ಬಚಾವಾದೆ’ ಎಂಬ ನಂಬಿಕೆಯನ್ನು ಗಟ್ಟಿ ಮಾಡುತ್ತದೆ. ಬಾಗಿಲು ಕಾಣುವ ಕುರ್ಚಿಯೇ ಬೇಕೆಂದರೆ ಮೊದಮೊದಲು ಇರಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ. ಹಿಂದಿನಿಂದ ಮುಟ್ಟುವ ಮೊದಲು ‘ರೀ’ ಎಂದು ಕರೆಯಿರಿ. ಕಣ್ಣು ಮುಚ್ಚಿ ಧ್ಯಾನ ಮಾಡಿಸಿದರೆ ಕೆಲವರಿಗೆ ಅದೇ ದೃಶ್ಯ ಮರುಕಳಿಸುತ್ತದೆ. ಕಣ್ಣು ತೆರೆದೇ ಇರಲಿ. ನಿದ್ದೆಗೆಂದು ರಾತ್ರಿ ಒಂದು ಪೆಗ್ ಹಾಕುವವರಿಗೆ ನಡುರಾತ್ರಿ ಎಚ್ಚರವಾಗಿ, ಮರುದಿನದ ಗಮನವೂ ಕೆಡುತ್ತದೆ.

ಇವೆಲ್ಲ ಊರುಗೋಲು ಮಾತ್ರ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 15 ಭೇಟಿ. ಸರ್ಟ್ರಲಿನ್‌ನಂಥ ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವಾಗಿಯೇ ನಿಲ್ಲಿಸಬಾರದು. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಲೋಕಲ್ ಹತ್ತುವುದನ್ನೇ ಬಿಟ್ಟಿದ್ದರೆ ಚಿಕಿತ್ಸಕರೊಂದಿಗೆ ಮೆಟ್ಟಿಲು ಹಾಕಿಕೊಳ್ಳಿ. ಬೆಳಗಿನ ಫಾಸ್ಟ್ ಲೋಕಲ್ ಸದ್ಯಕ್ಕೆ ದೂರವಿರಲಿ. ಮೊದಲು ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಬೆಂಚು. ಅದು ಸಲೀಸಾದ ಮೇಲೆ ಸ್ಲೋ ಗಾಡಿಯಲ್ಲಿ ಠಾಕುರ್ಲಿವರೆಗೆ, ಒಂದೇ ಸ್ಟೇಷನ್.