ಹಸಿ ಹಲ್ಲಿಗೆ ಹಿಡಿಯುವ ಅಂಟು

ಹಲ್ಲಿನ ಮೇಲೆ ಕೂರಿಸಿದ ಕ್ಯಾಪ್ ಯಾವ ಬಲದಿಂದ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಸಂಬಂಧಿಸಿದ ಎರಡು ಸಂಶೋಧನಾ ಪ್ರಬಂಧಗಳು 1955ರಲ್ಲಿ ಪ್ರಕಟವಾದವು. ಡೆನ್ಮಾರ್ಕಿನ ಯೋರ್ಗೆನ್ಸೆನ್ ಅವರ ಪ್ರಬಂಧ ಆಕಾರದ ಕುರಿತಾಗಿತ್ತು. ಕ್ಯಾಪ್ ಹಾಕಲು ತೇದು ಸಣ್ಣದು ಮಾಡಿದ ಹಲ್ಲಿನ ಎದುರುಬದುರು ಗೋಡೆಗಳು ಒಂದಕ್ಕೊಂದು ಸಮಾನಾಂತರವಾಗಿದ್ದಷ್ಟೂ ಹಿಡಿತ ಹೆಚ್ಚು. ಅವು ಮೇಲೆ ಹೋದಂತೆ ಒಳಕ್ಕೆ ಬಾಗಿದರೆ, ಆ ಬಾಗು ಕೆಲವೇ ಡಿಗ್ರಿ ಏರಿದರೂ ಹಿಡಿತ ಥಟ್ಟನೆ ಕುಸಿಯುತ್ತದೆ ಎಂದು ಅವರು ಅಳೆದು ತೋರಿಸಿದರು. ಅದೇ ವರ್ಷ ಅಮೆರಿಕದ ರಾಚೆಸ್ಟರಿನಲ್ಲಿ ಮೈಕೇಲ್ ಬ್ಯೂನೊಕೋರ್ ಅವರು ಹಲ್ಲಿನ ಮೇಲ್ಮೈಗೆ ಆಮ್ಲ ಸವರಿ, ಅದರ ಮೇಲೆ ಪ್ಲಾಸ್ಟಿಕ್ಕಿನ ತುಣುಕನ್ನು ಅಂಟಿಸಿ, ಆಕಾರದ ನೆರವೇ ಇಲ್ಲದೆ ಅದು ನಿಲ್ಲುವಂತೆ ಮಾಡಿದ್ದರು. ಒಬ್ಬರದು ಜ್ಯಾಮಿತಿ, ಇನ್ನೊಬ್ಬರದು ರಸಾಯನಶಾಸ್ತ್ರ. ಕಳೆದ ಏಳು ದಶಕಗಳಲ್ಲಿ ದಂತವೈದ್ಯಕೀಯ ಮೊದಲನೆಯದರಿಂದ ಎರಡನೆಯದರ ಕಡೆಗೆ ಸರಿಯುತ್ತ ಬಂದಿದೆಯಾದರೂ, ಮೊದಲನೆಯದನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ.

ಯೋರ್ಗೆನ್ಸೆನ್ ಅವರ ಕಾಲದ ಮುಖ್ಯ ಸಿಮೆಂಟು ಜಿಂಕ್ ಫಾಸ್ಫೇಟ್. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದ ಇದರ ಪುಡಿಯಲ್ಲಿ ಇರುವುದು ಹೆಚ್ಚಾಗಿ ಸತುವಿನ ಆಕ್ಸೈಡ್. ದ್ರವವೆಂದರೆ ನೀರು ಬೆರೆತ ಫಾಸ್ಫಾರಿಕ್ ಆಮ್ಲ. ಇವೆರಡೂ ಕೂಡಿದಾಗ ಶಾಖ ಹುಟ್ಟುತ್ತದೆ, ಶಾಖ ಹೆಚ್ಚಿದರೆ ಸಿಮೆಂಟು ಬೇಗ ಗಟ್ಟಿಯಾಗುತ್ತದೆ. ಆದ್ದರಿಂದಲೇ ಅದನ್ನು ತಣ್ಣಗಿರುವ ದಪ್ಪ ಗಾಜಿನ ಹಲಗೆಯ ಮೇಲೆ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ದ್ರವಕ್ಕೆ ಎಳೆದುಕೊಳ್ಳುತ್ತ, ಹಲಗೆಯ ಅಗಲಕ್ಕೂ ಹರಡಿ ಕಲಸಬೇಕು. ಚಪ್ಪಟೆ ಸಲಾಕೆಯನ್ನು ಎತ್ತಿದಾಗ ಸಿಮೆಂಟು ಎಳೆಯಾಗಿ ಸ್ವಲ್ಪ ಮೇಲೆದ್ದು ಆಮೇಲೆ ತುಂಡಾಗಬೇಕು, ಅದೇ ಹದ. ಹೀಗೆ ಕಲಸಿದ್ದು ಕ್ಯಾಪಿನೊಳಗೆ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು, ಎಂದರೆ 25 ಮೈಕ್ರೋಮೀಟರ್ ತೆಳುವಾಗಿ ಹರಡಬಲ್ಲದು. ಆದರೆ ಇಷ್ಟೆಲ್ಲ ಮಾಡಿದರೂ ಅದು ಹಲ್ಲಿಗೆ ಅಂಟುವುದಿಲ್ಲ. ಹಲ್ಲಿನ ಮತ್ತು ಲೋಹದ ಮೇಲ್ಮೈಗಳ ಸಣ್ಣಪುಟ್ಟ ಏರುತಗ್ಗುಗಳಲ್ಲಿ ತುಂಬಿಕೊಂಡು ಗಟ್ಟಿಯಾಗಿ, ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ, ಅಷ್ಟೇ. ಗೋಡೆಗಳ ಆಕಾರ ಸರಿಯಾಗಿದ್ದರೆ ಅಷ್ಟೇ ಸಾಕೂ ಆಗುತ್ತದೆ. ಈ ಸಿಮೆಂಟಿನಿಂದ ಕೂರಿಸಿದ ಚಿನ್ನದ ಕ್ಯಾಪುಗಳು ದಶಕಗಟ್ಟಲೆ ಬಾಳಿವೆ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಬ್ಯೂನೊಕೋರ್ ಅವರಿಗೆ ದಾರಿ ತೋರಿಸಿದ್ದು ಬಣ್ಣ ಬಳಿಯುವ ಉದ್ಯಮ. ಲೋಹದ ತಗಡಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲವನ್ನು ಹಚ್ಚುತ್ತಿದ್ದರು. ಬ್ಯೂನೊಕೋರ್ 85 ಪ್ರತಿಶತ ಸಾಂದ್ರತೆಯ ಅದೇ ಆಮ್ಲವನ್ನು ಅರ್ಧ ನಿಮಿಷ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿಗೆ ತಾಗಿಸಿ, ತೊಳೆದು ಒಣಗಿಸಿ, ಮೇಲೆ ಅಕ್ರಿಲಿಕ್ ಹನಿ ಇಟ್ಟರು. ಏನೂ ಸವರದ ಹಲ್ಲಿನ ಮೇಲೆ ಗಂಟೆಗಳಲ್ಲಿ ಉದುರುತ್ತಿದ್ದ ಹನಿ ಈಗ ವಾರಗಟ್ಟಲೆ ನಿಂತಿತು.

ಎನಾಮಲ್ಲಿನ ರಚನೆಯಲ್ಲೇ ಇದರ ಗುಟ್ಟಿದೆ. ತೂಕದ ಲೆಕ್ಕದಲ್ಲಿ ಅದರ ಸುಮಾರು 96 ಪ್ರತಿಶತ ಖನಿಜ, ಹೆಚ್ಚಿನಂಶ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹೈಡ್ರಾಕ್ಸಿಅಪಟೈಟ್. ಈ ಖನಿಜದ ಸೂಕ್ಷ್ಮ ಹರಳುಗಳು ಉದ್ದನೆಯ ಕಂಬಿಗಳಂತೆ ಕಟ್ಟುಕಟ್ಟಾಗಿ ಜೋಡಿಕೊಂಡಿವೆ. ಆಮ್ಲ ತಾಗಿದಾಗ ಎಲ್ಲ ಹರಳುಗಳೂ ಒಂದೇ ಪ್ರಮಾಣದಲ್ಲಿ ಕರಗುವುದಿಲ್ಲ; ಕಂಬಿಯ ನಡುಭಾಗ ಒಂದು ವೇಗದಲ್ಲಿ, ಅಂಚು ಇನ್ನೊಂದು ವೇಗದಲ್ಲಿ ಕರಗಿ, ನುಣುಪಾಗಿದ್ದ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿಂದ ತುಂಬುತ್ತದೆ. ನುಣುಪಾದ ಕಾಂಕ್ರೀಟ್ ಗೋಡೆಗೆ ಗಾರೆ ಹಿಡಿಯಲೆಂದು ಮೇಸ್ತ್ರಿ ಮೊದಲು ಉಳಿಯಿಂದ ಕಚ್ಚು ಹಾಕುವನಲ್ಲ, ಆಮ್ಲ ಮಾಡುವುದೂ ಆ ಕೆಲಸವನ್ನೇ. ನೀರಿನಂತೆ ತೆಳುವಾದ ರೆಸಿನ್, ಎಂದರೆ ಆಮೇಲೆ ಗಟ್ಟಿಯಾಗಿ ಪ್ಲಾಸ್ಟಿಕ್ಕಾಗುವ ದ್ರವ, ಆ ಗುಳಿಗಳೊಳಗೆ ಇಳಿದು ಗಟ್ಟಿಯಾದರೆ, ಕಿತ್ತರೂ ಬಾರದ ಲಕ್ಷಾಂತರ ಕೊಕ್ಕೆಗಳು ಉಂಟಾಗುತ್ತವೆ. ಇಂದು ಬಳಸುವ ಆಮ್ಲದ ಸಾಂದ್ರತೆ ಸಾಮಾನ್ಯವಾಗಿ 37 ಪ್ರತಿಶತ, ಸಮಯ 15ರಿಂದ 30 ಸೆಕೆಂಡು. ತೊಳೆದು ಗಾಳಿ ಊದಿದಾಗ ಹಲ್ಲಿನ ಹೊಳಪು ಹೋಗಿ ಸುಣ್ಣ ಬಳಿದಂತಹ ಬಿಳುಪು ಕಂಡರೆ ಆಮ್ಲ ತನ್ನ ಕೆಲಸ ಮಾಡಿದೆ ಎಂದು ವೈದ್ಯರು ತಿಳಿಯುತ್ತಾರೆ. ಆ ಕ್ಷಣದಲ್ಲಿ ಜೊಲ್ಲು ತಾಗಿದರೆ ಅದರ ಪ್ರೋಟೀನುಗಳು ಗುಳಿಗಳನ್ನು ಮುಚ್ಚುತ್ತವೆ, ಮತ್ತೆ ಮೊದಲಿನಿಂದ ಆಗಬೇಕು. ಬಾಯಿಗೆ ತುಂಬುವ ಹತ್ತಿಯ ಉಂಡೆಗಳೂ ಹಲ್ಲಿನ ಸುತ್ತ ಬಿಗಿಯುವ ರಬ್ಬರಿನ ಹಾಳೆಯೂ ಇರುವುದು ಇದಕ್ಕಾಗಿಯೇ. ಅವನ್ನು ಕಿರಿಕಿರಿ ಎಂದುಕೊಳ್ಳುವವರೇ ಹೆಚ್ಚು, ಆದರೆ ದುಬಾರಿ ಅಂಟಿಗಿಂತ ಒಣಗಿದ ಹಲ್ಲಿಗೆ ಬೆಲೆ ಜಾಸ್ತಿ.

ಹಾಗಾದರೆ ಕಚ್ಚು ಹಾಕದೆ, ನಿಜವಾಗಿ ರಾಸಾಯನಿಕವಾಗಿಯೇ ಹಲ್ಲಿಗೆ ಅಂಟುವ ವಸ್ತು ಇಲ್ಲವೇ? ಇದೆ. 1968ರಲ್ಲಿ ಡೆನ್ನಿಸ್ ಸ್ಮಿತ್ ಅವರು ಹಳೆಯ ಸಿಮೆಂಟಿನ ಸತುವಿನ ಪುಡಿಯನ್ನು ಉಳಿಸಿಕೊಂಡು, ದ್ರವದಲ್ಲಿದ್ದ ಫಾಸ್ಫಾರಿಕ್ ಆಮ್ಲದ ಬದಲು ಪಾಲಿಅಕ್ರಿಲಿಕ್ ಆಮ್ಲವನ್ನು ಬಳಸಿದರು. ಈ ಆಮ್ಲದ ಅಣು ಉದ್ದನೆಯ ಸರಪಳಿ. ಅದರುದ್ದಕ್ಕೂ ಇರುವ ಕಾರ್ಬಾಕ್ಸಿಲ್ ಗುಂಪುಗಳು ಸಿಮೆಂಟಿನ ಸತುವನ್ನು ಹಿಡಿಯುವಂತೆಯೇ ಹಲ್ಲಿನ ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತವೆ. ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿದ್ದ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಸತುವಿನ ಪುಡಿಯನ್ನೂ ಕೈಬಿಟ್ಟು, ಫ್ಲೋರೈಡ್ ಇರುವ ಗಾಜಿನ ಪುಡಿಯನ್ನು ತಂದರು. 1972ರ ಹೊತ್ತಿಗೆ ದಂತವೈದ್ಯರ ಗಮನಕ್ಕೆ ಬಂದ ಗ್ಲಾಸ್ ಅಯೋನೊಮರ್ ಇದೇ. ಆಮ್ಲ ಗಾಜನ್ನು ಕೊರೆದು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಅಯಾನುಗಳನ್ನು ಹೊರಗೆಳೆಯುತ್ತದೆ, ಅವು ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತವೆ; ಮೊದಲ ಬಿಗಿತ ಕೆಲವು ನಿಮಿಷಗಳಲ್ಲಿ ಬಂದರೂ ಅಲ್ಯೂಮಿನಿಯಂ ತನ್ನ ಕೆಲಸ ಮುಗಿಸಲು ಒಂದು ದಿನವೇ ಬೇಕು. ಈ ಸಿಮೆಂಟಿಗೆ ನೀರು ಶತ್ರುವಲ್ಲ, ನೀರಿಲ್ಲದೆ ಅದು ಗಟ್ಟಿಯಾಗುವುದೇ ಇಲ್ಲ. ಜೊತೆಗೆ ಅದು ಸುತ್ತಲಿನ ಹಲ್ಲಿಗೆ ಫ್ಲೋರೈಡನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಕೊರತೆ ಇರುವುದು ಅದರ ಮೈಯಲ್ಲೇ: ಎಳೆದರೆ ಹಲ್ಲಿನಿಂದ ಬಿಡುವ ಮುಂಚೆ ತಾನೇ ಸೀಳುತ್ತದೆ, ಹಲ್ಲಿನ ಮೇಲೆ ಸಿಮೆಂಟಿನ ತೆಳು ಪದರ ಉಳಿದುಬಿಡುತ್ತದೆ.

ಇಲ್ಲಿಯವರೆಗಿನದು ಸುಲಭದ ಭಾಗ. ಎನಾಮಲ್ಲಿನ ಕೆಳಗಿರುವ ಡೆಂಟಿನ್ ಬೇರೆಯೇ ವಸ್ತು. ಅದರ ತೂಕದಲ್ಲಿ ಖನಿಜ ಸುಮಾರು 70 ಪ್ರತಿಶತ. ಉಳಿದದ್ದರಲ್ಲಿ 20 ಪ್ರತಿಶತದಷ್ಟು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ನಾರು, 10 ಪ್ರತಿಶತದಷ್ಟು ನೀರು. ಹಲ್ಲಿನ ತಿರುಳಿನಿಂದ ಹೊರಕ್ಕೆ ಸಾಗುವ ಸೂಕ್ಷ್ಮ ಕೊಳವೆಗಳು ಅದನ್ನು ಉದ್ದಕ್ಕೂ ತೂತು ಮಾಡಿವೆ. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ 45,000ದಷ್ಟು ಕೊಳವೆಗಳಿರಬಹುದು, ಎಲ್ಲದರಲ್ಲೂ ದ್ರವವಿದೆ, ಆ ದ್ರವ ಒಳಗಿನ ಒತ್ತಡದಿಂದ ಹೊರಕ್ಕೆ ಜಿನುಗುತ್ತಿರುತ್ತದೆ. ಎಣ್ಣೆಯ ಸ್ವಭಾವದ ರೆಸಿನ್ನನ್ನು ಒಳಗಿನಿಂದಲೇ ಒದ್ದೆಯಾಗುತ್ತಿರುವ ಇಂಥ ಮೇಲ್ಮೈಗೆ ಹಿಡಿಸುವುದು ಹೇಗೆ? ಸಾಲದೆಂಬಂತೆ, ಕೊರೆದಾಗ ಎದ್ದ ಪುಡಿ ಒಂದೆರಡು ಮೈಕ್ರೋಮೀಟರ್ ದಪ್ಪಕ್ಕೆ ಮೆತ್ತಿಕೊಂಡು ಕೊಳವೆಗಳ ಬಾಯಿಯನ್ನು ಮುಚ್ಚಿರುತ್ತದೆ.

ಡೆಂಟಿನ್ನಿಗೆ ಆಮ್ಲ ತಾಗಿಸಿದರೆ ತಿರುಳು ಸಾಯುತ್ತದೆ ಎಂಬ ಭಯ ಪಶ್ಚಿಮದ ದೇಶಗಳಲ್ಲಿ ಬಹುಕಾಲ ಇತ್ತು. ಟೋಕಿಯೋದ ತಕಾವೊ ಫುಸಾಯಾಮ ಆ ಭಯವನ್ನು ಬದಿಗಿಟ್ಟು 1970ರ ದಶಕದ ಕೊನೆಯಲ್ಲಿ ಎನಾಮಲ್ ಮತ್ತು ಡೆಂಟಿನ್ ಎರಡಕ್ಕೂ ಒಟ್ಟಿಗೆ ಆಮ್ಲ ಹಚ್ಚುವ ವಿಧಾನವನ್ನು ಮುಂದಿಟ್ಟರು. ಆಮೇಲೆ ಅಲ್ಲಿ ನಡೆಯುವುದೇನು ಎಂಬುದನ್ನು 1982ರಲ್ಲಿ ಟೋಕಿಯೋದವರೇ ಆದ ನೊಬುವೊ ನಕಬಯಾಶಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆಮ್ಲ ಮೇಲಿನ ಕೆಲವು ಮೈಕ್ರೋಮೀಟರಿನಷ್ಟು ಖನಿಜವನ್ನು ಕರಗಿಸಿದಾಗ ಕೊಲಾಜೆನ್ ನಾರುಗಳು ಬರಿಯ ಬಲೆಯಾಗಿ ಉಳಿಯುತ್ತವೆ. ರೆಸಿನ್ ಆ ಬಲೆಯೊಳಗೆ ಇಳಿದು, ನಾರುಗಳನ್ನು ಸುತ್ತುವರಿದು ಗಟ್ಟಿಯಾಗುತ್ತದೆ. ಪೂರ್ತಿ ಹಲ್ಲೂ ಅಲ್ಲದ, ಪೂರ್ತಿ ಪ್ಲಾಸ್ಟಿಕ್ಕೂ ಅಲ್ಲದ ಈ ಪದರವನ್ನು ಅವರು ಹೈಬ್ರಿಡ್ ಪದರವೆಂದು ಕರೆದರು. ಡೆಂಟಿನ್ನಿಗೆ ಅಂಟಿಸುವ ವಿದ್ಯೆಯೆಲ್ಲ ಈ ಕೆಲವೇ ಮೈಕ್ರೋಮೀಟರ್ ದಪ್ಪದ ಪದರವನ್ನು ಚೆನ್ನಾಗಿ ಕಟ್ಟುವುದರಲ್ಲಿದೆ.

ಅದನ್ನು ಕಟ್ಟುವಾಗ ನೀರಿನ ತಕರಾರು ಎರಡು ಕಡೆಯಿಂದ ಬರುತ್ತದೆ. ಖನಿಜ ಹೋದ ಕೊಲಾಜೆನ್ ಬಲೆಯನ್ನು ಎತ್ತಿ ಹಿಡಿದಿರುವುದು ನೀರೇ. ಎನಾಮಲ್ಲಿಗೆ ಊದಿದಂತೆ ಇಲ್ಲಿಯೂ ಗಾಳಿ ಊದಿ ಒಣಗಿಸಿದರೆ ಬಲೆ ಕುಸಿದು ಒತ್ತಾಗಿ, ರೆಸಿನ್ನಿಗೆ ದಾರಿಯೇ ಇಲ್ಲವಾಗುತ್ತದೆ. ನೀರು ಹೆಚ್ಚು ಉಳಿದರೆ ರೆಸಿನ್ ಅದರೊಡನೆ ಬೆರೆಯದೆ, ನಡುನಡುವೆ ಖಾಲಿ ಜಾಗಗಳು ಉಳಿಯುತ್ತವೆ. ಹೊಳೆಯುವಷ್ಟು ತೇವ ಇರಬೇಕು, ನಿಂತ ನೀರು ಇರಬಾರದು. ಈ ಹದವನ್ನು ವೈದ್ಯರು ಕಣ್ಣಳತೆಯಲ್ಲೇ ಗುರುತಿಸಬೇಕು. ನೀರಿನೊಡನೆ ಬೆರೆತು, ಅದನ್ನು ಹೊರಗಟ್ಟಿ, ರೆಸಿನ್ನಿಗೆ ಜಾಗ ಮಾಡಿಕೊಡಲೆಂದೇ ಅಂಟಿನ ಶೀಶೆಗಳಲ್ಲಿ ಆಲ್ಕೋಹಾಲ್ ಅಥವಾ ಅಸಿಟೋನ್ ಇರುತ್ತದೆ. ಇಷ್ಟಾದರೂ ಬಲೆಯ ತಳದವರೆಗೆ ರೆಸಿನ್ ತಲುಪದೆ ಉಳಿಯುವುದುಂಟು. ಹಾಗೆ ಬೆತ್ತಲಾಗಿ ಉಳಿದ ನಾರುಗಳನ್ನು ಕತ್ತರಿಸುವ ಕಿಣ್ವಗಳು ಡೆಂಟಿನ್ನಿನಲ್ಲೇ ಹುದುಗಿವೆ, ಆಮ್ಲ ಅವನ್ನು ಎಬ್ಬಿಸುತ್ತದೆ ಎಂಬುದು 2004ರ ಸುಮಾರಿಗೆ ಗೊತ್ತಾಯಿತು. ಆರಂಭದಲ್ಲಿ ಬಲವಾಗಿದ್ದ ಅಂಟು ವರ್ಷಗಳು ಕಳೆದಂತೆ ಸಡಿಲವಾಗುವುದಕ್ಕೆ ಹೊರಗಿನ ಬ್ಯಾಕ್ಟೀರಿಯಾಗಳಷ್ಟೇ ಅಲ್ಲ, ಹಲ್ಲಿನ ಒಳಗಿನವರೂ ಹೊಣೆ.

ಈ ತೊಡಕಿಗೆ ಜಪಾನಿನಿಂದಲೇ ಬಂದ ಪರಿಹಾರ ಎಂಡಿಪಿ ಎಂಬ ಅಣು. ಅದರ ಒಂದು ತುದಿಯಲ್ಲಿ ಫಾಸ್ಫೇಟ್ ಗುಂಪು, ಇನ್ನೊಂದು ತುದಿಯಲ್ಲಿ ರೆಸಿನ್ನಿನೊಡನೆ ಬೆಸೆಯುವ ಮೆಥಾಕ್ರಿಲೇಟ್ ಗುಂಪು, ನಡುವೆ ಹತ್ತು ಇಂಗಾಲದ ಸರಪಳಿ. ಅದು ತಾನೇ ಸೌಮ್ಯ ಆಮ್ಲವಾದ್ದರಿಂದ ಡೆಂಟಿನ್ನನ್ನು ಸ್ವಲ್ಪ ಮಾತ್ರ ಕರಗಿಸಿ, ನಾರುಗಳ ಸುತ್ತ ಉಳಿದ ಖನಿಜದ ಕ್ಯಾಲ್ಸಿಯಂ ಜೊತೆ ನೀರಿನಲ್ಲಿ ಸುಲಭಕ್ಕೆ ಕರಗದ ಲವಣವಾಗಿ ಕೂಡಿಕೊಳ್ಳುತ್ತದೆ. ತೊಳೆಯುವ ಹಂತವೇ ಇಲ್ಲದ್ದರಿಂದ ಒಣಗಿಸುವ ಗೊಂದಲವೂ ಕಡಿಮೆ. ಆದರೆ ಇಷ್ಟು ಸೌಮ್ಯ ಆಮ್ಲ ಎನಾಮಲ್ಲಿಗೆ ಸಾಲದು; ಆದ್ದರಿಂದ ಅನೇಕರು ಅಂಚಿನ ಎನಾಮಲ್ಲಿಗೆ ಮಾತ್ರ ಬ್ಯೂನೊಕೋರ್ ಅವರ ಆಮ್ಲವನ್ನು ಹಚ್ಚಿ, ಒಳಗಿನ ಡೆಂಟಿನ್ನನ್ನು ಎಂಡಿಪಿಗೆ ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಬಲು ವಿವೇಕದ ಹೊಂದಾಣಿಕೆ.

ಹಲ್ಲಿನ ಕಡೆ ಇಷ್ಟಾಯಿತು. ಕ್ಯಾಪಿನ ಕಡೆಯೂ ಅಂಟು ಹಿಡಿಯಬೇಕಲ್ಲ. ಗಾಜಿನ ಅಂಶವಿರುವ ಪಿಂಗಾಣಿಯಾದರೆ ಅದರ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲ ಹಚ್ಚಿ ಗುಳಿ ಮಾಡಿ, ಮೇಲೆ ಸೈಲೇನ್ ಸವರುತ್ತಾರೆ. ಅದು ಒಂದು ತುದಿಯಲ್ಲಿ ಗಾಜನ್ನೂ ಇನ್ನೊಂದು ತುದಿಯಲ್ಲಿ ರೆಸಿನ್ನನ್ನೂ ಹಿಡಿಯುತ್ತದೆ. ಇಂದು ಕ್ಯಾಪುಗಳಿಗೆ ಜನಪ್ರಿಯವಾಗಿರುವ ಜಿರ್ಕೋನಿಯಾ ಎಂಬ ಬಿಳಿಯ ಗಟ್ಟಿ ವಸ್ತುವಿನಲ್ಲಿ ಗಾಜೇ ಇಲ್ಲ, ಹಾಗಾಗಿ ಈ ಕ್ರಮ ಅದಕ್ಕೆ ನಾಟುವುದಿಲ್ಲ. ಅದಕ್ಕೆ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಿಂದ ಸಿಡಿಸಿ ಒರಟು ಮಾಡಿ, ಮತ್ತೆ ಎಂಡಿಪಿಯನ್ನೇ ಹಚ್ಚಬೇಕು; ಜಿರ್ಕೋನಿಯಾಗೆ ಫಾಸ್ಫೇಟಿನ ಮೇಲೆ ಬಹಳ ಒಲವು. ಆ ಒಲವೇ ತೊಂದರೆಯನ್ನೂ ತರುತ್ತದೆ. ಅಳತೆ ನೋಡಲು ಕ್ಯಾಪನ್ನು ಬಾಯಲ್ಲಿಟ್ಟಾಗ ಜೊಲ್ಲಿನ ಫಾಸ್ಫೇಟುಗಳು ಮೊದಲೇ ಹೋಗಿ ಅಲ್ಲಿ ಕೂರುತ್ತವೆ. ಅದನ್ನು ಶುಚಿ ಮಾಡಲು ಎನಾಮಲ್ಲಿಗೆ ಬಳಸುವ ಫಾಸ್ಫಾರಿಕ್ ಆಮ್ಲವನ್ನೇ ಹಾಕಿದರೆ ಇನ್ನಷ್ಟು ಫಾಸ್ಫೇಟ್ ಮೆತ್ತಿಕೊಂಡು ಎಂಡಿಪಿಗೆ ಜಾಗವೇ ಉಳಿಯುವುದಿಲ್ಲ.

ತಾತ್ಕಾಲಿಕ ಸಿಮೆಂಟಿನ ಬಗ್ಗೆಯೂ ಎಚ್ಚರ ಬೇಕು. ಲವಂಗದ ಎಣ್ಣೆಯ ಯುಜಿನಾಲ್ ಇರುವ ಸಿಮೆಂಟು ಹಲ್ಲಿನ ಬೇನೆಯನ್ನು ತಣಿಸುತ್ತದೆ, ಆದರೆ ಅದರ ಅಂಶ ಉಳಿದಿದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಕರ್ನಾಟಕದ ದಂತವೈದ್ಯರಿಗೆ ಇನ್ನೊಂದು ಸವಾಲು ನೆಲದಡಿಯ ನೀರಿನಿಂದ ಬಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಆ ನೀರು ಕುಡಿದು ಬೆಳೆದವರ ಎನಾಮಲ್ಲಿನ ಮೇಲೆ ಕಂದು ಕಲೆಗಳು ಮೂಡಿರುತ್ತವೆ, ಮತ್ತು ಆ ಕಲೆಗಳನ್ನು ಮುಚ್ಚಲು ಹಲ್ಲಿನ ಮುಂಭಾಗಕ್ಕೆ ವೆನಿಯರ್ ಎಂಬ ತೆಳು ಹೊದಿಕೆ ಅಂಟಿಸಿಕೊಳ್ಳಬಯಸುವವರೂ ಇವರೇ. ಆದರೆ ಫ್ಲೋರೈಡ್ ಸೇರಿದ ಅಪಟೈಟ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮೇಲಿನ ಪದರ ಗಡುಸು, ಅದರ ಕೆಳಗಿನದು ರಂಧ್ರಮಯ. ಇಂಥ ಹಲ್ಲಿಗೆ ವೈದ್ಯರು ಮೇಲಿನ ಪದರವನ್ನು ತೆಳುವಾಗಿ ತೇಯುತ್ತಾರೆ, ಇಲ್ಲವೆ ಆಮ್ಲವನ್ನು ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಬಿಡುತ್ತಾರೆ. ತೊಳೆದು ಒಣಗಿಸಿದ ಮೇಲೂ ಬಿಳುಪು ಒಂದೇ ಸಮನೆ ಹರಡಿರದೆ ಅಲ್ಲಲ್ಲಿ ಹೊಳಪು ಉಳಿದಿದ್ದರೆ, ಆ ಜಾಗಗಳಿಗೆ ಇನ್ನೊಮ್ಮೆ ಆಮ್ಲ ಹಚ್ಚಿಯೇ ಮುಂದಿನ ಕೆಲಸ ಹಿಡಿಯಬೇಕಾಗುತ್ತದೆ.