ಬೆಟ್ಟದ ಬ್ಯಾಂಜೋ ಎಲ್ಲಿಂದ ಬಂತು?

ಪ್ರಶ್ನೆ: ಜೂನ್ ಮೊದಲ ವಾರಾಂತ್ಯ ಮೌಂಟ್ ಏರಿಯ ಪಿಟೀಲು ಮೇಳಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ಐರ್ಲೆಂಡ್‌ಗಳಿಂದ ಬಂದವರ ಸಂಗೀತ ಅಪಲಾಚಿಯನ್ ಬೆಟ್ಟಗಳಲ್ಲಿ ಹೊರಗಿನ ಗಾಳಿ ಸೋಕದೆ ಹಾಗೇ ಉಳಿದಿದೆ, ಅಲ್ಲಿ ಅದನ್ನೇ ಕೇಳಬಹುದು ಅನ್ನುತ್ತಾರೆ. ನಿಜವೇ?

ಉತ್ತರ: ಮೇಳಕ್ಕೆ ಖಂಡಿತ ಹೋಗಿ. ಆದರೆ ಆ 'ಅನ್ನುತ್ತಾರೆ' ನಿಜವಲ್ಲ. ಪ್ರತಿ ಬೇಸಿಗೆಗೆ ಮುಂಚೆ ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ನಾನೂ ಪ್ರತಿ ಸಲ ನಾಲ್ಕು ಸಾಲಿನ ಉತ್ತರ ಕೊಡುತ್ತೇನೆ, ಮುಂದಿನ ವರ್ಷ ಅದು ಮತ್ತೆ ಬಂದು ನಿಲ್ಲುತ್ತದೆ. ನಾಲ್ಕು ಸಾಲಿಗೆ ಜಗ್ಗುವ ನಂಬಿಕೆಯಲ್ಲ ಇದು, ಹಾಗಾಗಿ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಊರಿನ ವಿಷಯ ಬೇಗ ಮುಗಿಸೋಣ. ಮೌಂಟ್ ಏರಿ ಇರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ವರ್ಜೀನಿಯಾ ಗಡಿಗೆ ಅಂಟಿಕೊಂಡು, ಅಪಲಾಚಿಯನ್ ಬೆಟ್ಟಗಳ ಭಾಗವಾದ ಬ್ಲೂ ರಿಡ್ಜ್ ಬೆಟ್ಟಸಾಲಿನ ಬುಡದಲ್ಲಿ. ಜನಸಂಖ್ಯೆ ಹತ್ತು ಸಾವಿರ ಚಿಲ್ಲರೆ. ಗ್ರಾನೈಟ್ ಗಣಿಗೆ ಹೆಸರಾದ ಊರು, ನಟ ಆಂಡಿ ಗ್ರಿಫಿತ್ ಹುಟ್ಟಿದ ಊರು. 1948ರಿಂದ ನಡೆಯುತ್ತಿರುವ ಡಬ್ಲ್ಯೂಪಿಎಕ್ಯೂ ಎಂಬ ಪುಟ್ಟ ರೇಡಿಯೋ ಕೇಂದ್ರ ಶನಿವಾರಗಳಂದು ಸ್ಥಳೀಯ ವಾದ್ಯಗಾರರನ್ನು ಕರೆಸಿ ನೇರಪ್ರಸಾರ ಮಾಡಿದ್ದರಿಂದಲೂ ಈ ಊರಿನ ಸಂಗೀತ ಇಷ್ಟು ಗಟ್ಟಿಯಾಗಿ ಉಳಿಯಿತು. ಮೇಳ 1970ರ ದಶಕದ ಆರಂಭದಿಂದ ವೆಟರನ್ಸ್ ಮೆಮೋರಿಯಲ್ ಪಾರ್ಕಿನಲ್ಲಿ ನಡೆಯುತ್ತಿದೆ. ವೇದಿಕೆಯ ಮೇಲೆ ಸ್ಪರ್ಧೆ ಇರುತ್ತದೆ, ನೋಡಿ. ಆದರೆ ಅಲ್ಲೇ ಕುರ್ಚಿ ಹಾಕಿ ಕೂತುಬಿಡಬೇಡಿ. ಹಿಂದಿನ ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತ ಕ್ಯಾಂಪರ್ ಗಾಡಿಗಳ ನಡುವೆ ನಾಲ್ಕೈದು ಜನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ನುಡಿಸುತ್ತಿರುತ್ತಾರೆ. ಮೇಳ ಅಂದರೆ ಅದು.

ಆ ಗುಂಪಿನಲ್ಲಿ ಬ್ಯಾಂಜೋ, ಅಂದರೆ ದುಂಡನೆಯ ಒಡಲಿಗೆ ಚರ್ಮ ಬಿಗಿದ ತಂತಿವಾದ್ಯ, ಹಿಡಿದವರ ಬಲಗೈ ಕಾಣುವ ಕಡೆ ನಿಂತುಕೊಳ್ಳಿ. ವಾದ್ಯಕ್ಕೆ ಐದು ತಂತಿ. ನಾಲ್ಕರ ಬಿರಡೆಗಳು ವಾದ್ಯದ ತಲೆಯಲ್ಲಿವೆ, ಐದನೆಯದರ ಬಿರಡೆ ಮಾತ್ರ ಕತ್ತಿನ ಮಧ್ಯದಲ್ಲಿ, ಐದನೆಯ ಫ್ರೆಟ್ಟಿನ (ಮೆಟ್ಟಿಲಿನ) ಹತ್ತಿರ ಪಕ್ಕಕ್ಕೆ ಚಾಚಿಕೊಂಡಿದೆ. ಅಂದರೆ ಆ ತಂತಿ ಎಲ್ಲಕ್ಕಿಂತ ಗಿಡ್ಡ, ಸ್ವರ ಎಲ್ಲಕ್ಕಿಂತ ಮೇಲೆ. ಆದರೂ ಅದು ಕೂತಿರುವುದು ಅತಿ ದಪ್ಪ ತಂತಿಯ ಪಕ್ಕದಲ್ಲಿ, ಹೆಬ್ಬೆರಳಿಗೆ ಸಿಗುವ ಹಾಗೆ. ಈಗ ಕೈ ನೋಡಿ. ಬೆರಳು ತಂತಿಯನ್ನು ಮೇಲಕ್ಕೆ ಎಳೆಯುವುದಿಲ್ಲ, ಉಗುರಿನ ಬೆನ್ನಿನಿಂದ ಕೆಳಕ್ಕೆ ಹೊಡೆಯುತ್ತದೆ. ಹೊಡೆದ ಮರುಕ್ಷಣ ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತದೆ. ಧಾಟಿ ಯಾವುದೇ ಇರಲಿ, ಆ ಮೇಲಿನ ಸ್ವರ ಬಡಿತಗಳ ಸಂದಿಯಲ್ಲಿ ಶ್ರುತಿಯ ಹಾಗೆ ಕೇಳುತ್ತಲೇ ಇರುತ್ತದೆ.

ಈ ವಾದ್ಯವನ್ನಾಗಲಿ, ಈ ಕೈಯನ್ನಾಗಲಿ ಇಂಗ್ಲೆಂಡಿನಿಂದಲೋ ಸ್ಕಾಟ್‌ಲೆಂಡಿನಿಂದಲೋ ಯಾರೂ ಹೊತ್ತು ತರಲಿಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಬಳಿ ಅಕೊಂಟಿಂಗ್ ಎಂಬ ವಾದ್ಯ ಇವತ್ತಿಗೂ ಇದೆ. ಸೋರೆಬುರುಡೆಯ ಒಡಲು, ಅದರ ಬಾಯಿಗೆ ಬಿಗಿದ ಚರ್ಮ, ಉದ್ದ ಕೋಲಿನ ಕತ್ತು, ಮೂರು ತಂತಿ, ಅದರಲ್ಲಿ ಹೆಬ್ಬೆರಳಿನ ತಂತಿ ಗಿಡ್ಡ. ಉಗುರು ಕೆಳಕ್ಕೆ ಹೊಡೆಯುತ್ತದೆ, ಹೆಬ್ಬೆರಳು ಮೀಟುತ್ತದೆ. ಅಕೊಂಟಿಂಗ್ ಒಂದರಿಂದಲೇ ಬ್ಯಾಂಜೋ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಇಂಥ ಬುರುಡೆವಾದ್ಯಗಳು ಹಲವಾರಿವೆ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಬೇರೆಬೇರೆ ನಾಡಿನವರು ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ತೋಟಗಳಲ್ಲಿ ಒಟ್ಟಿಗೆ ಬಿದ್ದು, ನೆನಪಿನಿಂದ ಕಟ್ಟಿಕೊಂಡ ವಾದ್ಯ ಇದು. 1687ರಲ್ಲಿ ಜಮೈಕಾಕ್ಕೆ ಹೋದ ವೈದ್ಯ ಹ್ಯಾನ್ಸ್ ಸ್ಲೋನ್ ಅಲ್ಲಿನ ಆಫ್ರಿಕನ್ನರ ಬುರುಡೆವಾದ್ಯಗಳನ್ನು ಬಣ್ಣಿಸಿ, ಚಿತ್ರವನ್ನೂ ಅಚ್ಚು ಹಾಕಿಸಿದ. 1780ರ ದಶಕದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ವರ್ಜೀನಿಯಾದ ಬಗ್ಗೆ ಬರೆಯುತ್ತಾ, ಕಪ್ಪುಜನರ ವಾದ್ಯ ಬ್ಯಾಂಜೋ, ಅವರೇ ಅದನ್ನು ಆಫ್ರಿಕಾದಿಂದ ತಂದರು ಎಂದು ನೇರವಾಗಿ ದಾಖಲಿಸಿದ. ಆ ಕಾಲದವರಿಗೆ ಈ ಬಗ್ಗೆ ಅನುಮಾನವೇ ಇರಲಿಲ್ಲ. ಅನುಮಾನ ಶುರುವಾದದ್ದು ಆಮೇಲೆ.

ಬಿಳಿಯರ ಕೈಗೆ ಬ್ಯಾಂಜೋ ಜನಪ್ರಿಯವಾಗಿ ಬಂದದ್ದು 1830ರ ದಶಕದ ಸುಮಾರಿಗೆ. ವರ್ಜೀನಿಯಾದ ಆಪಮ್ಯಾಟಕ್ಸ್ ಕಡೆಯ ಜೋಯೆಲ್ ಸ್ವೀನಿ ಸುತ್ತಲಿನ ಕಪ್ಪು ವಾದ್ಯಗಾರರಿಂದ ಕಲಿತು, ಮುಖಕ್ಕೆ ಮಸಿ ಬಳಿದುಕೊಂಡು ವೇದಿಕೆ ಹತ್ತಿದ. ಕಪ್ಪುಜನರನ್ನು ಅಣಕಿಸುವ ಆ ಮಸಿಮುಖದ ಆಟಗಳು ಅಮೆರಿಕದ ಉದ್ದಗಲಕ್ಕೂ ಬ್ಯಾಂಜೋವನ್ನು ಹಬ್ಬಿಸಿದವು. ಕಲಿಸಿದವರನ್ನೇ ಅಣಕಿಸುವ ಸಾಧನವಾಗಿ ವಾದ್ಯ ಊರೂರು ಸುತ್ತಿತು. ಈ ಸಂಗೀತವನ್ನು ಪ್ರೀತಿಸುವ ಯಾರೂ ಈ ಭಾಗವನ್ನು ಹಾರಿಸಿ ಮುಂದೆ ಹೋಗಬಾರದು.

'ಸರಿ, ಬ್ಯಾಂಜೋ ಆಫ್ರಿಕಾದ್ದು ಅಂತಲೇ ಇಟ್ಟುಕೊಳ್ಳೋಣ, ಪಿಟೀಲು ಯುರೋಪಿನದೇ ಅಲ್ಲವೇ' ಎಂದು ಕೇಳುವವರಿದ್ದಾರೆ. ವಾದ್ಯ ಯುರೋಪಿನದು, ಹೌದು. ನುಡಿಸಿದ ಕೈಗಳು ಯಾರವು? ಹದಿನೆಂಟನೆಯ ಶತಮಾನದ ವರ್ಜೀನಿಯಾದ ಪತ್ರಿಕೆಗಳಲ್ಲಿ ಓಡಿಹೋದ ಗುಲಾಮರನ್ನು ಹುಡುಕಿಕೊಡಿ ಎಂಬ ಜಾಹೀರಾತುಗಳು ಬರುತ್ತಿದ್ದವು. ಮೈಬಣ್ಣ, ಎತ್ತರ, ಗಾಯದ ಗುರುತುಗಳ ಜೊತೆಗೆ 'ಪಿಟೀಲು ನುಡಿಸುತ್ತಾನೆ' ಎಂಬ ಗುರುತು ಮತ್ತೆ ಮತ್ತೆ ಕಾಣುತ್ತದೆ. ಒಡೆಯರ ಮನೆಯ ಕುಣಿತಗಳಿಗೆ ಪಿಟೀಲು ಹಿಡಿಯುತ್ತಿದ್ದವರು ಬಹಳ ಸಲ ಇವರೇ. ಪಿಟೀಲು, ಬ್ಯಾಂಜೋ ಎರಡೂ ಒಂದೇ ಅಂಗಳದಲ್ಲಿ ಜೋಡಿಯಾದದ್ದು ಈ ವಾದ್ಯಗಾರರ ನಡುವೆ. ಇವತ್ತು ಬೆಟ್ಟದ ಸಂಗೀತದ ಬೆನ್ನೆಲುಬು ಅನ್ನಿಸಿಕೊಂಡಿರುವುದು ಆ ಜೋಡಿಯೇ.

ಕಿವಿಗೂ ಇದು ತಿಳಿಯುತ್ತದೆ. ಸ್ಕಾಟ್‌ಲೆಂಡಿನವರು ನುಡಿಸಿದ ರೀಲ್ ಎಂಬ ಕುಣಿತದ ಧಾಟಿಯೊಂದನ್ನು ಕೇಳಿ, ಆಮೇಲೆ ಅದೇ ಕುಟುಂಬದ ಧಾಟಿಯನ್ನು ಮೌಂಟ್ ಏರಿಯ ಸುತ್ತಲಿನವರು ನುಡಿಸಿದ್ದನ್ನು ಕೇಳಿ. ಸ್ವರಗಳು ನೆಂಟರ ಹಾಗೆ ಹೋಲುತ್ತವೆ. ಒತ್ತು ಬೀಳುವ ಜಾಗ ಮಾತ್ರ ಬೇರೆ. ಇಲ್ಲಿ ಕಮಾನು ಬಡಿತಕ್ಕಿಂತ ಒಂದು ಎಳೆ ಮುಂಚೆ ತಿರುಗುತ್ತದೆ, ಕಾಲು ತಾನಾಗಿ ಕುಣಿಯುತ್ತದೆ.

ಇನ್ನು 'ಹೊರಗಿನ ಗಾಳಿ ಸೋಕದ ಬೆಟ್ಟ' ಎಂಬ ಮಾತು. ಫಿಲಡೆಲ್ಫಿಯಾದಿಂದ ಶೆನಂಡೋವಾ ಕಣಿವೆಯ ಮೂಲಕ ಕೆರೊಲಿನಾಕ್ಕೆ ಇಳಿದ ಗಾಡಿದಾರಿಯಲ್ಲಿ ಸ್ಕಾಟ್-ಐರಿಷರ (ಐರ್ಲೆಂಡಿನಿಂದ ಬಂದ ಸ್ಕಾಟ್ ಮೂಲದವರ) ಜೊತೆಗೇ ಜರ್ಮನ್ನರೂ ಬಂದರು. ಮಡಿಲಲ್ಲಿಟ್ಟು ಮೀಟುವ ಡಲ್ಸಿಮರ್‌ನ ಮೂಲ ಆ ಜರ್ಮನ್ನರ ವಾದ್ಯದಲ್ಲಿದೆ. ಚೆರೊಕೀ ಜನರಲ್ಲೂ ಒಳ್ಳೆಯ ಪಿಟೀಲುಗಾರರಿದ್ದರು. 1870ರ ದಶಕದಿಂದ ರೈಲು ಬಂತು, ಸುರಂಗ ಕೊರೆಯಲು ಸಾವಿರಾರು ಕಪ್ಪು ಕೂಲಿಗಳು ಬಂದರು. ಸುರಂಗದಲ್ಲಿ ಯಂತ್ರದೊಂದಿಗೆ ಪಂದ್ಯ ಕಟ್ಟಿ ಸತ್ತ ಜಾನ್ ಹೆನ್ರಿಯ ಕಥೆ ಹುಟ್ಟಿದ್ದು ಆ ಕೆಲಸದಲ್ಲಿ. ಅವನು ಕಪ್ಪು ಮನುಷ್ಯ, ಅವನ ಹಾಡು ಹಾಡದ ಬಿಳಿಯ ಬೆಟ್ಟಗಾರನಿಲ್ಲ. ಕಲ್ಲಿದ್ದಲು ಗಣಿಗಳು ಇನ್ನಷ್ಟು ನಾಡಿನವರನ್ನು ತಂದವು. ಗಿಟಾರ್ ಬಂದದ್ದು ಅಂಚೆಯಲ್ಲಿ ಸಾಮಾನು ತರಿಸಿಕೊಳ್ಳುವ ಕ್ಯಾಟಲಾಗಿನಿಂದ. ಇಷ್ಟೆಲ್ಲ ಬಂದ ಮೇಲೆ ಗಾಳಿಯೊಂದೇ ಹೊರಗೆ ನಿಂತಿತು ಅಂದರೆ ನಂಬುವುದು ಹೇಗೆ?

ಹಾಗಿದ್ದರೆ ಈ ಕಥೆ ಹುಟ್ಟಿದ್ದೆಲ್ಲಿ? ಇಂಗ್ಲೆಂಡಿನ ಸೆಸಿಲ್ ಶಾರ್ಪ್ 1916ರಿಂದ 1918ರವರೆಗೆ ಸಹಾಯಕಿ ಮಾಡ್ ಕಾರ್ಪಲಿಸ್ ಜೊತೆ ಬೆಟ್ಟ ಸುತ್ತಿ ಹಾಡು ಸಂಗ್ರಹಿಸಿದ. ಅವನ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಅವನು ಹುಡುಕಿದ್ದು ಇಂಗ್ಲೆಂಡಿನ ಹಳೆಯ ಹಾಡನ್ನು, ಸಿಕ್ಕಿದ್ದೂ ಅದೇ. ಬ್ಯಾಂಜೋ ಹಾಡುಗಳತ್ತ, ಕಪ್ಪು ಗಾಯಕರತ್ತ ಅವನು ಹೆಚ್ಚು ನೋಡಲಿಲ್ಲ. 1920ರ ದಶಕದಲ್ಲಿ ಮೋಟಾರು ಕಾರಿನ ಹೆನ್ರಿ ಫೋರ್ಡ್ ಜಾಝ್ ಸಂಗೀತ ಯುವಜನರನ್ನು ಕೆಡಿಸುತ್ತದೆಂದು ನಂಬಿ, ಅದಕ್ಕೆ ಎದುರಾಗಿ ಹಳೆಯ ಪಿಟೀಲು ಮತ್ತು ಕುಣಿತಕ್ಕೆ ಹಣ ಸುರಿದ. ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಗ್ರಾಮಫೋನ್ ಕಂಪನಿಗಳು. ಬಿಳಿಯರಿಗೆ ಒಂದು ಕ್ಯಾಟಲಾಗು, ಕಪ್ಪುಜನರಿಗೆ ಇನ್ನೊಂದು. ಬಿಳಿಯರದ್ದರಲ್ಲಿ ಪಿಟೀಲು-ಬ್ಯಾಂಜೋ, ಕಪ್ಪುಜನರದ್ದರಲ್ಲಿ ಬ್ಲೂಸ್. ಕಪ್ಪು ಪಿಟೀಲುಗಾರ ಬಾಗಿಲಿಗೆ ಬಂದರೆ ಅವನಿಗೆ ಖಾನೆಯೇ ಇರಲಿಲ್ಲ. ಅವನು ದಾಖಲಾದದ್ದು ತೀರಾ ಅಪರೂಪ. ದಾಖಲೆ ಇಲ್ಲದ್ದರಿಂದ ಅವನು ಇರಲೇ ಇಲ್ಲವೆಂದು ಮುಂದಿನವರು ತೀರ್ಮಾನಿಸಿದರು.

1927ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ವರ್ಜೀನಿಯಾ-ಟೆನೆಸಿ ಗಡಿಯ ಬ್ರಿಸ್ಟಲ್‌ನಲ್ಲಿ ವಿಕ್ಟರ್ ಕಂಪನಿಗಾಗಿ ರಾಲ್ಫ್ ಪೀರ್ ಧ್ವನಿಮುದ್ರಣ ನಡೆಸಿದ. ಕಾರ್ಟರ್ ಕುಟುಂಬ ಎಂಬ ಹಾಡುಗಾರರ ತಂಡ ಅಲ್ಲಿಂದ ಹೆಸರಾಯಿತು. ಮುಂದಿನ ವರ್ಷದಿಂದ ಎ.ಪಿ. ಕಾರ್ಟರ್ ಹಾಡು ಹುಡುಕಿ ಊರೂರು ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್, ಒಂದು ಕಾಲು ಕಳೆದುಕೊಂಡಿದ್ದ ಕಪ್ಪು ಗಿಟಾರ್‌ಗಾರ. ಕಾರ್ಟರ್ ಪದ ಬರೆದುಕೊಳ್ಳುತ್ತಿದ್ದ, ರಿಡಲ್ ಧಾಟಿಯನ್ನು ತಲೆಯಲ್ಲಿ ಹೊತ್ತು ತರುತ್ತಿದ್ದರು. ಮೇಬೆಲ್ ಕಾರ್ಟರ್ ಅವರ ಗಿಟಾರ್ ಕೈಯಲ್ಲೂ ರಿಡಲ್ ಕಲಿಸಿದ್ದು ಇದೆ. ಕಾರ್ಟರ್ ಹೆಸರು ಎಲ್ಲರಿಗೂ ಗೊತ್ತು, ರಿಡಲ್ ಹೆಸರು ಎಷ್ಟು ಜನರಿಗೆ ಗೊತ್ತು?

ಉತ್ತರ ಕೆರೊಲಿನಾದ ರಾಲಿ-ಡರ್ಹಮ್ ಸುತ್ತ ಇರುವ ನಮ್ಮ ಕನ್ನಡಿಗರಿಗೆ ಇನ್ನೂ ಹತ್ತಿರದ್ದೊಂದಿದೆ. ಗ್ರೀನ್ಸ್‌ಬರೋ ಕಡೆ ಹೋಗುವಾಗ ಮಾಲ್ ನೋಡಿ ನಿಲ್ಲಿಸುತ್ತೀರಲ್ಲ, ಆ ಮೆಬೇನ್‌ನಲ್ಲಿ ಜೋ ಥಾಂಪ್ಸನ್ ಇದ್ದರು (1918–2012). ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದ ಕಪ್ಪು ಪಿಟೀಲುಗಾರ, ಮನೆತನದ ವಿದ್ಯೆ. ಸೋದರಬಂಧು ಓಡೆಲ್ ಬ್ಯಾಂಜೋ ಹಿಡಿಯುತ್ತಿದ್ದರು. 2005ರಲ್ಲಿ ಬೂನ್ ಪಟ್ಟಣದಲ್ಲಿ ಕಪ್ಪು ಬ್ಯಾಂಜೋಗಾರರ ಸಮಾವೇಶ ನಡೆದ ಮೇಲೆ ಗಾಯಕಿ ರಿಯಾನನ್ ಗಿಡೆನ್ಸ್ ಮತ್ತು ಗೆಳೆಯರು ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕೂತು ಕಲಿತರು, ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ತಂಡ ಕಟ್ಟಿದರು. ಅವರ 2010ರ ಆಲ್ಬಮ್‌ಗೆ ಗ್ರ್ಯಾಮಿ ಬಂತು. ಎಂಬತ್ತು ದಾಟಿದ ಮುದುಕರೊಬ್ಬರು ಬಾಗಿಲು ತೆರೆದು ಕೂರಿಸಿಕೊಂಡದ್ದರಿಂದ ಒಂದು ಪರಂಪರೆಯ ಕೊಂಡಿ ಕಳಚದೆ ಉಳಿಯಿತು. ಇದನ್ನು ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಬ್ರಿಟನ್ನಿನ ಪಾಲು ಸುಳ್ಳು ಅಂತ ಇದರರ್ಥವಲ್ಲ. ಉತ್ತರ ಕೆರೊಲಿನಾದ ಮ್ಯಾಡಿಸನ್ ಕೌಂಟಿಯ ಹೆಂಗಸರು ವಾದ್ಯವೇ ಇಲ್ಲದೆ ಹಾಡುತ್ತಿದ್ದ ಉದ್ದನೆಯ ಕಥನಗೀತೆಗಳು ಸಮುದ್ರದಾಚೆಯವು, ಅದ್ಭುತವಾದವು. ಅವು ಈ ಸಂಗೀತದ ಒಂದು ಬೇರು. ಒಂದನ್ನೇ ಎಲ್ಲ ಅನ್ನುವುದಕ್ಕೆ ನನ್ನ ತಕರಾರು.

ಬ್ಲೂಗ್ರಾಸ್ ಬಗ್ಗೆಯೂ ಒಂದು ಮಾತು. ಮೇಳದಲ್ಲಿ ಎರಡು ಬಗೆಯ ಗುಂಪುಗಳು ಸಿಗುತ್ತವೆ. ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ, ಸುತ್ತಿ ಸುತ್ತಿ ನುಡಿಸುತ್ತಿದ್ದರೆ ಅದು ಓಲ್ಡ್-ಟೈಮ್. ಒಬ್ಬೊಬ್ಬರೇ ಸರದಿಯಂತೆ ಮುಂದೆ ಬಂದು ಕೈಚಳಕ ತೋರಿಸುತ್ತಿದ್ದರೆ, ಬ್ಯಾಂಜೋಗಾರನ ಮೂರು ಬೆರಳಿಗೆ ಉಗುರುಕವಚ ಇದ್ದರೆ, ಅದು ಬ್ಲೂಗ್ರಾಸ್. ಅದು ಅಜ್ಜನ ಕಾಲದ್ದೂ ಅಲ್ಲ, ಅಪ್ಪಟ ಬೆಟ್ಟದ್ದೂ ಅಲ್ಲ. ಕೆಂಟಕಿಯ ಬಿಲ್ ಮನ್ರೋ ತಂಡಕ್ಕೆ 1945ರ ಡಿಸೆಂಬರಿನಲ್ಲಿ ಬ್ಯಾಂಜೋಗಾರ ಅರ್ಲ್ ಸ್ಕ್ರಗ್ಸ್ ಸೇರಿದ ಮೇಲೆ ಅದಕ್ಕೆ ಈಗಿನ ರೂಪ ಬಂತು. ಮನ್ರೋ ಚಿಕ್ಕಂದಿನಲ್ಲಿ ಯಾರ ಪ್ರಭಾವದಲ್ಲಿ ಬೆಳೆದ? ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪು ಗಿಟಾರ್-ಪಿಟೀಲುಗಾರನ ಪ್ರಭಾವದಲ್ಲಿ. ಅದನ್ನು ಮನ್ರೋನೇ ಹೇಳಿಕೊಂಡಿದ್ದಾನೆ.

ಪಿಟೀಲಿನ ಮಾತು ಬಂದದ್ದರಿಂದ, ಯಾರೂ ನೇರವಾಗಿ ಕೇಳದ ಒಂದು ವಿಷಯ. ಕ್ಯಾರಿ, ಷಾರ್ಲೆಟ್ ಕಡೆ ನಮ್ಮ ಮನೆಗಳ ಎಷ್ಟೋ ಮಕ್ಕಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾರೆ. ಆ ಮಕ್ಕಳಿಗೆ ಮೌಂಟ್ ಏರಿಯ ಪಿಟೀಲು ಪರಕೀಯ ಅನ್ನಿಸಬೇಕಾಗಿಲ್ಲ. ಪಾಶ್ಚಾತ್ಯರು ನಾಲ್ಕು ತಂತಿಗಳನ್ನು ಜಿ-ಡಿ-ಎ-ಇ ಎಂಬ ಸ್ವರಗಳಿಗೆ ಕೂಡಿಸುತ್ತಾರೆ, ಪ್ರತಿಯೊಂದೂ ಹಿಂದಿನದರ ಪಂಚಮ. ನಮ್ಮವರು ಸ-ಪ-ಸ-ಪ ಕೂಡಿಸುತ್ತಾರೆ. ಮೌಂಟ್ ಏರಿಯ ಓಲ್ಡ್-ಟೈಮ್ ಪಿಟೀಲುಗಾರರು ಎ ಶ್ರುತಿಯ ಧಾಟಿಗಳಿಗೆ ಕೆಳಗಿನ ಎರಡು ತಂತಿ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಎ ಅನ್ನು ಷಡ್ಜ ಮಾಡಿಕೊಂಡು ಎಣಿಸಿ ನೋಡಿ: ಸ-ಪ-ಸ-ಪ! ಈ ಊರಿನ ಪಕ್ಕದಲ್ಲೇ ಬಾಳಿದ, ರಸ್ತೆ ಇಲಾಖೆಯಲ್ಲಿ ಯಂತ್ರ ಓಡಿಸಿ ನಿವೃತ್ತರಾದ ಟಾಮಿ ಜಾರೆಲ್ (1901–1985) ಇದೇ ಕೂಡಿಕೆಯಲ್ಲಿ ನುಡಿಸಿದ ಮುದ್ರಿಕೆಗಳಿವೆ, ಹುಡುಕಿ ಕೇಳಿ. ಧಾಟಿಯ ತಂತಿಯ ಜೊತೆ ಪಕ್ಕದ ತಂತಿಯೂ ಮೊರೆಯುತ್ತಿರುತ್ತದೆ, ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಥಟ್ಟನೆ ಹತ್ತುತ್ತದೆ. ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದರು, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದರು. ಅದನ್ನು ಯುರೋಪಿನ ಸಂಗೀತ ಅನ್ನುವವರು ಯಾರಿದ್ದಾರೆ?

ಮಗುವನ್ನು ಕರೆದೊಯ್ಯುವುದಾದರೆ ಇಷ್ಟು ಗಮನದಲ್ಲಿರಲಿ. ಎ ಅಂದರೆ ನಮ್ಮ ಆರು ಮನೆ ಶ್ರುತಿ. ಎರಡು, ಎರಡೂವರೆ ಮನೆಗೆ ಇಳಿಸಿಟ್ಟ ತಂತಿಗಳನ್ನು ಅಲ್ಲೇ ಕೂತು ಒಂದೇ ಸಲ ಅಷ್ಟು ಬಿಗಿದರೆ ಮೊದಲ ತಂತಿ ಹೋಗಬಹುದು, ಹಿಂದಿನ ದಿನವೇ ನಿಧಾನವಾಗಿ ಏರಿಸಿ, ಒಂದು ತಂತಿ ಹೆಚ್ಚಿಗೆ ಇಟ್ಟುಕೊಳ್ಳಿ. ಏರಿಸುವುದು ಬೇಡವೆಂದರೆ ಡಿ ಶ್ರುತಿಯಲ್ಲಿ ನುಡಿಸುತ್ತಿರುವ ಗುಂಪು ಹುಡುಕಿ, ಎರಡು ಮನೆಗೆ ಕೂಡಿಸಿದ ಪಿಟೀಲು ಹಾಗೇ ಹೊಂದುತ್ತದೆ. ಒಂದು ಗುಂಪು ಒಂದೇ ಶ್ರುತಿಯಲ್ಲಿ ಗಂಟೆಗಟ್ಟಲೆ ಇರುತ್ತದೆ, ಯಾಕೆಂದರೆ ಬದಲಿಸಿದರೆ ಪಿಟೀಲು, ಬ್ಯಾಂಜೋದವರು ಮತ್ತೆ ತಂತಿ ಕೂಡಿಸಬೇಕು. ಮೊದಲು ವೃತ್ತದ ಹೊರಗೆ ಕೂತು ಎರಡು ಧಾಟಿ ಕೇಳಿ, ಆಮೇಲೆ ಮೆಲ್ಲಗೆ ಸೇರಿಕೊಳ್ಳಬಹುದೇ ಎಂದು ವಿಚಾರಿಸಿ. ಪಿಟೀಲುಗಾರ ಒಂದು ಕಾಲು ಎತ್ತಿದರೆ ಇದೇ ಕೊನೆಯ ಸುತ್ತು ಎಂದರ್ಥ. ಎಡಗೈಗೆ ಹೆಚ್ಚು ಕಷ್ಟವಾಗುವುದಿಲ್ಲ, ಜಾರು ಗೊತ್ತಿರುವ ಬೆರಳು ಬೇಗ ಹಿಡಿಯುತ್ತದೆ. ಕಷ್ಟವೆಲ್ಲ ಬಲಗೈಯದು. ಒಂದೇ ಕಮಾನಿನಲ್ಲಿ ಉದ್ದ ಸಂಚಾರ ಎಳೆದು ರೂಢಿಯಾದ ಆ ಕೈ, ಇಲ್ಲಿ ಗಿಡ್ಡ ಗಿಡ್ಡ ಎಳೆತಗಳಲ್ಲಿ ತಾಳವನ್ನೂ ತಾನೇ ಹೊರಬೇಕು.