ದ್ವೀಪ ರಾಷ್ಟ್ರದ ಸೇನಾಡಳಿತವನ್ನು ಹೊರಗಿನ ಸೇನೆ ಇಳಿಸಬಹುದೇ?

ಪ್ರಶ್ನೆ: 1988ರಲ್ಲಿ ಭಾರತ ಒಂದೇ ರಾತ್ರಿಯಲ್ಲಿ ಮಾಲ್ದೀವ್ಸ್ ಸರ್ಕಾರವನ್ನು ಉಳಿಸಿತು. ನಾಳೆ ಹಿಂದೂ ಮಹಾಸಾಗರದ ಯಾವುದಾದರೂ ಪುಟ್ಟ ದ್ವೀಪ ರಾಷ್ಟ್ರದಲ್ಲಿ ಸೇನೆಯೇ ಅಧಿಕಾರ ಹಿಡಿದರೆ ಹಾಗೆಯೇ ಹೋಗಿ ಅದನ್ನು ಇಳಿಸಬಹುದಲ್ಲವೇ? (ಡೊಂಬಿವಲಿಯ ಓದುಗರು)

ಉತ್ತರ: ಮುಂಬೈ ಕನ್ನಡಿಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವುದು ಸಹಜವೂ ಹೌದು. ಪಶ್ಚಿಮ ನೌಕಾಪಡೆಯ ಕೇಂದ್ರ ಕಚೇರಿ ಇರುವುದು ಇಲ್ಲಿ. ಅಂದಿನ ಕಾರ್ಯಾಚರಣೆಯಲ್ಲಿ ಹೆಸರಾದ ಗೋದಾವರಿ ಯುದ್ಧನೌಕೆ ಸಿದ್ಧವಾದದ್ದು ಮಜಗಾಂವ್ ಡಾಕ್‌ನಲ್ಲಿ. ಆದರೆ 1988ನ್ನು ಮಾದರಿಯಾಗಿ ಹಿಡಿಯುವ ಮೊದಲು ಅದು ಗೆದ್ದದ್ದು ಹೇಗೆ ಎಂಬುದನ್ನು ನೋಡಬೇಕು, ಏಕೆಂದರೆ ಅಂದು ಭಾರತ ಯಾವ ಸೇನಾಡಳಿತವನ್ನೂ ಇಳಿಸಲಿಲ್ಲ. ಇನ್ನೂ ಬಿದ್ದಿರದ ಸರ್ಕಾರವೊಂದನ್ನು ಬೀಳದಂತೆ ತಡೆಯಿತು.

ಆ ವರ್ಷ ನವೆಂಬರ್ 3ರ ನಸುಕಿನಲ್ಲಿ ಸುಮಾರು 80 ಮಂದಿ ಬಾಡಿಗೆ ಬಂದೂಕುಧಾರಿಗಳು ರಾಜಧಾನಿ ಮಾಲೆಗೆ ನುಗ್ಗಿದರು. ಅಧ್ಯಕ್ಷ ಮಾಮೂನ್ ಅಬ್ದುಲ್ ಗಯೂಮ್ ದಂಗೆಕೋರರ ಕೈಗೆ ಸಿಗಲಿಲ್ಲ. ನೆರವು ಬೇಡಿದ್ದು ಅವರ ಸರ್ಕಾರವೇ. ವಿಮಾನ ನಿಲ್ದಾಣವಿದ್ದ ಹುಲ್ಹುಲೆ ದ್ವೀಪವೂ ದಂಗೆಕೋರರ ವಶವಾಗಿರಲಿಲ್ಲ. ಹಾಗಾಗಿ ಆಗ್ರಾದಿಂದ ಹೊರಟ ಇಲ್ಯೂಷಿನ್ ವಿಮಾನಗಳು ಅದೇ ರಾತ್ರಿ ಕತ್ತಲಲ್ಲಿ ಅಲ್ಲಿಳಿದವು, ಸೈನಿಕರು ಅಲ್ಲೇ ಸಿಕ್ಕ ದೋಣಿಗಳನ್ನು ಹತ್ತಿ ಮಾಲೆಗೆ ದಾಟಿದರು. ಒತ್ತೆಯಾಳುಗಳೊಂದಿಗೆ ಹಡಗೇರಿ ಓಡಿದವರನ್ನು ಗೋದಾವರಿ ಮತ್ತು ಬೇತ್ವಾ ಸಮುದ್ರದ ನಡುವೆ ತಡೆದವು. ಕರೆಯುವ ಸರ್ಕಾರ ಮತ್ತು ಇಳಿಯಲು ರನ್‌ವೇ, ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕತೆ ಬೇರೆಯಾಗುತ್ತಿತ್ತು.

ಸೇನಾಡಳಿತ ಬೇರೂರಿದ ಮೇಲೆ ಇವೆರಡೂ ಅದರ ಕೈಯಲ್ಲಿರುತ್ತವೆ. ಆಗ ಏನಾಗುತ್ತದೆ ಎಂಬುದಕ್ಕೆ ಗ್ರೆನೇಡಾ ಉದಾಹರಣೆ. 1983ರ ಅಕ್ಟೋಬರ್ 19ರಂದು ಆ ಕೆರಿಬಿಯನ್ ದ್ವೀಪದ ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಗುಂಡಿಟ್ಟು ಕೊಂದು, ಜನರಲ್ ಹಡ್ಸನ್ ಆಸ್ಟಿನ್ ನೇತೃತ್ವದ ಸೇನಾ ಮಂಡಳಿ ಅಧಿಕಾರ ಹಿಡಿಯಿತು. ಆರನೆಯ ದಿನ ಅಮೆರಿಕದ ಪಡೆಗಳು ಇಳಿದವು. ಜಗತ್ತಿನ ಅತಿ ಬಲಿಷ್ಠ ಸೇನೆಯ ಸೈನಿಕರು ಪ್ರವಾಸಿ ನಕ್ಷೆಗಳನ್ನು ನೋಡಿಕೊಂಡು ದಾರಿ ಹುಡುಕಬೇಕಾಯಿತು. ಸೇನೆಯ ಒಂದು ವಿಭಾಗದ ರೇಡಿಯೊ ಇನ್ನೊಂದರದ್ದಕ್ಕೆ ಹೊಂದುತ್ತಿರಲಿಲ್ಲ. ತಪ್ಪಾಗಿ ಮಾನಸಿಕ ಆಸ್ಪತ್ರೆಯ ಮೇಲೆ ಬಿದ್ದ ಬಾಂಬಿಗೆ ಹತ್ತಕ್ಕೂ ಹೆಚ್ಚು ರೋಗಿಗಳು ಸತ್ತರು; ಈ ಸಾವುಗಳನ್ನು ಯುದ್ಧದ ಅಡಿಟಿಪ್ಪಣಿಯಾಗಿ ಓದಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಅಮೆರಿಕದ 19 ಸೈನಿಕರೂ ಮಡಿದರು. ಲಕ್ಷದಷ್ಟು ಜನಸಂಖ್ಯೆಯ ದೇಶದಲ್ಲಿ ತೆತ್ತ ಬೆಲೆ ಇದು.

ಕಾನೂನಿನ ಮಾತೂ ಅಷ್ಟೇ ಬಿಗಿಯಾದದ್ದು. ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸುವುದನ್ನು ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ನಿಷೇಧಿಸುತ್ತದೆ. ಆತ್ಮರಕ್ಷಣೆ, ಭದ್ರತಾ ಮಂಡಳಿಯ ಅನುಮತಿ, ಆ ದೇಶದ ಅಧಿಕೃತ ಸರ್ಕಾರದ ಆಹ್ವಾನ, ಇಷ್ಟು ಬಿಟ್ಟರೆ ಒಪ್ಪಿತವಾದ ದಾರಿ ಇಲ್ಲ. ನೆರೆಯ ದ್ವೀಪ ರಾಷ್ಟ್ರಗಳ ಕೋರಿಕೆ ಮತ್ತು ಬ್ರಿಟನ್ ರಾಣಿಯ ಪ್ರತಿನಿಧಿಯಾಗಿ ಗ್ರೆನೇಡಾದ ಗವರ್ನರ್ ಜನರಲ್ ಆಗಿದ್ದ ಪಾಲ್ ಸ್ಕೂನ್ ಅವರ ಆಹ್ವಾನವನ್ನು ಅಮೆರಿಕ ಮುಂದಿಟ್ಟಿತಾದರೂ ಮಹಾಸಭೆ 108-9 ಮತಗಳಿಂದ ಆ ದಾಳಿಯನ್ನು ಖಂಡಿಸಿತು. ಹೈಟಿಯಲ್ಲಿ ಮಾತ್ರ ಭದ್ರತಾ ಮಂಡಳಿಯೇ 1994ರಲ್ಲಿ 940ನೇ ನಿರ್ಣಯದ ಮೂಲಕ ಅನುಮತಿ ನೀಡಿತ್ತು, ಮತ್ತು ಸೈನಿಕರನ್ನು ಹೊತ್ತ ವಿಮಾನಗಳು ಆಕಾಶದಲ್ಲಿರುವಾಗಲೇ ಅಲ್ಲಿನ ಸೇನಾಧಿಕಾರಿಗಳು ಅಧಿಕಾರ ಬಿಡಲು ಒಪ್ಪಿದರು. ಇಂದು ಮಂಡಳಿಯ ಐದು ಕಾಯಂ ಸದಸ್ಯರು ಅಂಥ ನಿರ್ಣಯಕ್ಕೆ ಅಡ್ಡ ಬರದೇ ಇರುತ್ತಾರೆಂದು ನಾನು ನಂಬಲಾರೆ.

ಇನ್ನು ಭುಜದ ಮೇಲಿಂದ ಹಾರಿಸುವ ಕ್ಷಿಪಣಿಯಿದ್ದ ನಾಲ್ಕು ಜನ ಇಂದು ರನ್‌ವೇಯತ್ತ ಇಳಿಯುವ ಸಾಗಣೆ ವಿಮಾನವನ್ನು ಬೀಳಿಸಬಲ್ಲರು. ಅಗ್ಗದ ಡ್ರೋನ್‌ಗಳು ಬಂದ ಮೇಲಂತೂ ಬಂದರಿನ ಬಾಯಲ್ಲಿ ಹಡಗು ನಿಲ್ಲಿಸುವುದೂ ಸುಲಭವಲ್ಲ. ಸೇನಾಡಳಿತದ ಕೈಯಲ್ಲಿ ಪ್ರವಾಸಿಗರು, ರೆಸಾರ್ಟ್ ನೌಕರರು ಸಿಕ್ಕಿಬಿದ್ದಿರುತ್ತಾರೆ. ಅವರಲ್ಲಿ ನಮ್ಮ ಮನೆಗಳ ಹುಡುಗರೂ ಇರಬಹುದು. 1981ರಲ್ಲಿ ಸೆಶೆಲ್ಸ್‌ನಲ್ಲಿ ಕ್ಷಿಪ್ರಕ್ರಾಂತಿಗೆ ಹೋಗಿ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ಬಾಡಿಗೆ ಸೈನಿಕರು, ಮುಂಬೈಗೆ ಬರಬೇಕಿದ್ದ ಏರ್ ಇಂಡಿಯಾ ವಿಮಾನವನ್ನೇ ಪ್ರಯಾಣಿಕರ ಸಮೇತ ಡರ್ಬನ್‌ಗೆ ಒಯ್ದರು.

ದೆಹಲಿಗೆ ಇದೆಲ್ಲ ತಿಳಿಯದ್ದಲ್ಲ. 2018ರ ಫೆಬ್ರವರಿಯಲ್ಲಿ ಮಾಲ್ದೀವ್ಸ್ ಅಧ್ಯಕ್ಷ ಯಮೀನ್ ತುರ್ತು ಪರಿಸ್ಥಿತಿ ಹೇರಿ ನ್ಯಾಯಾಧೀಶರನ್ನು ಬಂಧಿಸಿದಾಗ, ಸೇನೆಯ ಬೆಂಬಲವಿರುವ ದೂತರನ್ನು ಕಳುಹಿಸಿ ಎಂದು ಮಾಜಿ ಅಧ್ಯಕ್ಷ ನಶೀದ್ ಭಾರತವನ್ನು ಕೋರಿದರು. ಭಾರತ ಸೇನೆ ಕಳುಹಿಸಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಮತದಾರರೇ ಯಮೀನ್ ಅವರನ್ನು ಸೋಲಿಸಿದರು. ಆ ಸಂಯಮ ಸರಿಯಾಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. 2008ರ ಮಾರ್ಚ್‌ನಲ್ಲಿ ಕೊಮೊರೊಸ್‌ನ ಅಂಜುವಾನ್ ದ್ವೀಪವನ್ನು ಹಿಡಿದು ಕೂತಿದ್ದ ಮೊಹಮ್ಮದ್ ಬಕಾರ್‌ನನ್ನು ಆಫ್ರಿಕಾ ಒಕ್ಕೂಟದ ಪಡೆಗಳು ಓಡಿಸಿದವು. ಅಲ್ಲಿ ಕರೆದದ್ದು ಆ ದೇಶದ್ದೇ ಕೇಂದ್ರ ಸರ್ಕಾರ. ಮಾಲ್ದೀವ್ಸ್, ಸೆಶೆಲ್ಸ್, ಮಾರಿಷಸ್, ಕೊಮೊರೊಸ್ ನಾಲ್ಕೂ ಇಂದು ಗಣರಾಜ್ಯಗಳು, ಗ್ರೆನೇಡಾದಲ್ಲಿದ್ದಂಥ ಗವರ್ನರ್ ಜನರಲ್ ಅಲ್ಲಿಲ್ಲ. ಆದ್ದರಿಂದ ಆತ್ಮರಕ್ಷಣೆಯ ಕಾರಣವಾಗಲಿ ಭದ್ರತಾ ಮಂಡಳಿಯ ಅನುಮತಿಯಾಗಲಿ ಇಲ್ಲದಿದ್ದರೆ, ಕ್ಷಿಪ್ರಕ್ರಾಂತಿಯ ಮೊದಲ ರಾತ್ರಿ ಅಧ್ಯಕ್ಷರೋ, ಅವರು ಸೆರೆಯಾಗಿದ್ದರೆ ಸಂವಿಧಾನದ ಪ್ರಕಾರ ಅವರ ಸ್ಥಾನಕ್ಕೆ ಬರಬೇಕಾದವರೋ ಸೈನಿಕರ ಕೈಗೆ ಸಿಗದೆ ಹೊರಗುಳಿದು ನೆರವು ಕೇಳಿದರೆ ಮಾತ್ರ, ಹೊರಗಿನ ಸೇನೆಗೆ ಅಲ್ಲಿ ಕಾಲಿಡುವ ಹಕ್ಕು ಹುಟ್ಟುತ್ತದೆ.